ಅಕ್ವೇರಿಯಂಗೆ ಸಂಪ್ ಜೋಡಿಸುತ್ತಿದ್ದೀರಾ? ಕರೆಂಟ್ ಹೋದಾಗ ನೀರು ಚೆಲ್ಲದಿರಲು ಈ ಲೆಕ್ಕ ತಿಳಿದಿರಲಿ

ಪುಣೆ: ಅಕ್ವೇರಿಯಂ ದೊಡ್ಡದಾದಂತೆ ಸಣ್ಣ ಫಿಲ್ಟರ್ ಸಾಲುವುದಿಲ್ಲ. ಆಗ ನೆರವಿಗೆ ಬರುವುದು ಸಂಪ್. ಇದು ಮನೆಯಂಗಳದ ನೀರಿನ ಸಂಪ್ ಅಲ್ಲ, ಟ್ಯಾಂಕ್ ಕೆಳಗಿನ ಸ್ಟ್ಯಾಂಡ್‌ನಲ್ಲಿ ಇಡುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ನೀರು ಅಲ್ಲಿಗೆ ಇಳಿದು, ಸ್ಪಾಂಜ್ ಮತ್ತು ಬಯೋ ಮೀಡಿಯಾ ದಾಟಿ ಶುದ್ಧವಾಗಿ, ಪಂಪ್ ಮೂಲಕ ಮತ್ತೆ ಟ್ಯಾಂಕ್ ಸೇರುತ್ತದೆ.

ಪುಣೆಯಲ್ಲಿ ದುರಸ್ತಿ ಕಾಮಗಾರಿಗಾಗಿ ಗುರುವಾರ ವಿದ್ಯುತ್ ಕಡಿತ ಮಾಡುವುದು ಸಾಮಾನ್ಯ. ಹಾಗಾಗಿ ಪಂಪ್ ನಿಂತಾಗ ಮತ್ತು ಮತ್ತೆ ಚಾಲೂ ಆದಾಗ ಏನಾಗುತ್ತದೆ ಎಂಬುದನ್ನು ಮೊದಲೇ ಯೋಚಿಸಬೇಕು.

ಹ್ಯಾಂಗ್-ಆನ್ ಓವರ್‌ಫ್ಲೋ ಎಂದರೇನು?

ಟಫನ್ಡ್ ಗಾಜಿಗೆ ರಂಧ್ರ ಕೊರೆದರೆ ಅದು ಪುಡಿಪುಡಿಯಾಗುತ್ತದೆ. ನೀರು, ಮೀನು ಇರುವ ಟ್ಯಾಂಕ್ ಅನ್ನು ಕೊರೆಯುವಂತೆಯೂ ಇಲ್ಲ. ಅಂಥಲ್ಲಿ ಅಂಚಿಗೆ ತೂಗುಹಾಕುವ ಈ ಪೆಟ್ಟಿಗೆ ಉಪಯುಕ್ತ. ಇದರ ಒಂದು ಭಾಗ ಟ್ಯಾಂಕ್ ಒಳಗೆ, ಇನ್ನೊಂದು ಹೊರಗೆ ಇರುತ್ತದೆ. ಎರಡರ ನಡುವೆ ತಲೆಕೆಳಗಾದ 'ಯು' ಆಕಾರದ ಕೊಳವೆ. ಗಾಳಿ ಉಳಿಯದಂತೆ ಅದರಲ್ಲಿ ನೀರು ತುಂಬಿಸಿದರೆ ಸೈಫನ್ ಶುರುವಾಗುತ್ತದೆ.

ಕರೆಂಟ್ ಹೋದಾಗ

* 90×45 ಸೆಂ.ಮೀ. ಟ್ಯಾಂಕ್‌ನಲ್ಲಿ 1 ಸೆಂ.ಮೀ. ನೀರೆಂದರೆ ಸುಮಾರು 4 ಲೀಟರ್. 4 ಸೆಂ.ಮೀ. ಇಳಿಯುವುದಾದರೆ ಸಂಪ್‌ನಲ್ಲಿ 16 ಲೀಟರ್‌ಗಿಂತ ಹೆಚ್ಚು ಜಾಗ ಖಾಲಿ ಬಿಡಿ.

* ರಿಟರ್ನ್ ಪೈಪ್‌ನ ಬಾಯಿ ನೀರಿನ ಮೇಲ್ಮಟ್ಟದ ಸಮೀಪವೇ ಇರಲಿ. ಆಳದಲ್ಲಿದ್ದರೆ ಪಂಪ್ ನಿಂತೊಡನೆ ನೀರು ಹಿಮ್ಮುಖವಾಗಿ ಸಂಪ್‌ಗೆ ಹರಿಯುತ್ತದೆ.

ಕರೆಂಟ್ ಬಂದಾಗ

ದೊಡ್ಡ ಅಪಾಯ ಇಲ್ಲಿದೆ. ಕೊಳವೆಯಲ್ಲಿ ಗಾಳಿ ಸೇರಿ ಸೈಫನ್ ಕಡಿದಿದ್ದರೆ ನೀರು ಕೆಳಗಿಳಿಯುವುದಿಲ್ಲ, ಆದರೆ ಪಂಪ್ ಮೇಲೆತ್ತುತ್ತಲೇ ಇರುತ್ತದೆ. ಟ್ಯಾಂಕ್ ತುಂಬಿ ನೆಲಕ್ಕೆ ಹರಿಯುತ್ತದೆ. ಇದಕ್ಕೆ ಪರಿಹಾರವೆಂದರೆ ಸಂಪ್‌ನಲ್ಲಿ ಗಾಜಿನ ಅಡ್ಡಗೋಡೆ ಹಾಕಿ, ಪಂಪ್ ಇರುವ ಕೋಣೆಯನ್ನು ಚಿಕ್ಕದಾಗಿಡುವುದು. ಮೇಲಿನ ಟ್ಯಾಂಕ್‌ನಲ್ಲಿ 3 ಸೆಂ.ಮೀ. ಖಾಲಿ ಇದ್ದರೆ ಅಲ್ಲಿ ಹಿಡಿಯುವುದು 12 ಲೀಟರ್. ಪಂಪ್ ಎಳೆಯಬಹುದಾದ ನೀರು ಅದಕ್ಕಿಂತ ಕಡಿಮೆ ಇರಬೇಕು. ಓವರ್‌ಫ್ಲೋ ಸಾಮರ್ಥ್ಯವೂ ಪಂಪ್‌ನ ಹರಿವಿಗಿಂತ ಹೆಚ್ಚಿರಲಿ.

ಪರೀಕ್ಷೆ ಮಾಡಿ

ಜೋಡಣೆ ಮುಗಿದ ಮೇಲೆ ನೀವು ಮನೆಯಲ್ಲಿರುವಾಗಲೇ ಪಂಪ್ ಆಫ್ ಮಾಡಿ. ಇಳಿಯುವ ನೀರು ನಿಂತ ನಂತರ ಮತ್ತೆ ಆನ್ ಮಾಡಿ. ಹೀಗೆ ಮೂರ್ನಾಲ್ಕು ಬಾರಿ ನೋಡಿ. ಒಮ್ಮೆ 'ಯು' ಕೊಳವೆ ತೆಗೆದು ಪಂಪ್ ಓಡಿಸಿ. ಟ್ಯಾಂಕ್ ಉಕ್ಕುವ ಮುನ್ನ ಪಂಪ್ ಕೋಣೆ ಬರಿದಾಗಬೇಕು. ಪಂಪ್ ಸುಡದಂತೆ ತಕ್ಷಣ ಆಫ್ ಮಾಡಿ. ಸಂಪ್‌ನಲ್ಲಿ ಸುರಕ್ಷಿತ ಮಟ್ಟಕ್ಕೆ ಟೇಪ್ ಅಂಟಿಸಿ, ಅದಕ್ಕಿಂತ ಹೆಚ್ಚು ನೀರು ತುಂಬಬೇಡಿ.

ಇವು ನೆನಪಿರಲಿ

ಕೊಳವೆಯಲ್ಲಿ ಗಾಳಿಗುಳ್ಳೆ ಕಂಡರೆ ತೆಗೆಯಿರಿ. ಪೆಟ್ಟಿಗೆಯ ಹಲ್ಲುಗಳಿಗೆ ಸಿಕ್ಕಿದ ಎಲೆ, ಬಸವನಹುಳುಗಳನ್ನು ಆಗಾಗ ಸ್ವಚ್ಛಗೊಳಿಸಿ. ಪಂಪ್‌ನ ವೈರ್ ಸಾಕೆಟ್‌ಗಿಂತ ಕೆಳಕ್ಕೆ ಜೋತುಬಿದ್ದು ಮೇಲೇರಲಿ, ಆಗ ಹನಿ ನೀರು ಸಾಕೆಟ್ ತಲುಪುವುದಿಲ್ಲ. ವಿದ್ಯುತ್ ಕಡಿತ ದೀರ್ಘವಾದರೆ ಮೀನಿಗೆ ಆಮ್ಲಜನಕ ಬೇಕು, ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ.