ಬಲೂನ್ ಕಲಿಸಿದ ಪಾಠ

ಕೂಳೂರು ಸೇತುವೆ ಹತ್ತಿರ ಬಸ್ಸು ಬ್ಲಾಕ್‌ನಲ್ಲಿ ಸಿಕ್ಕಿಕೊಂಡರೆ ಮೊದಲು ಚಡಪಡಿಸುವವರು ವಯಸ್ಸಾದ ಗಂಡಸರು. ಅರ್ಧ ಗಂಟೆ ಮೂತ್ರ ತಡೆಯುವುದೂ ಅವರಿಗೆ ಕಷ್ಟ. ಅಂಥ ಹಿರಿಯರೊಬ್ಬರು ನಮ್ಮನ್ನು ಕೇಳಿದರು: “ಪ್ರಾಸ್ಟೇಟಿಗೆ ಆಪರೇಶನ್ ಬೇಡವಂತೆ, ಹೊಸ ಮಿಷನ್ ಉಂಟಂತೆ. ಹೌದಾ ಮಾರಾಯ್ರೆ?” ಉತ್ತರ ಹುಡುಕಲು ನಾವು ನಾಲ್ಕು ದಶಕ ಹಿಂದಕ್ಕೆ ಹೋಗಬೇಕಾಯಿತು.

ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಕೋಶದ ಕೆಳಗೆ, ಮೂತ್ರನಾಳದ ಸುತ್ತ. ವಯಸ್ಸಾದಂತೆ ಅದು ದೊಡ್ಡದಾಗಿ ನಾಳವನ್ನು ಒತ್ತುತ್ತದೆ. ಇದು ಕ್ಯಾನ್ಸರ್ ಅಲ್ಲ. ಮಾತ್ರೆಗೆ ಬಗ್ಗದಿದ್ದರೆ ನಾಳದ ಮೂಲಕವೇ ಉಪಕರಣ ತೂರಿಸಿ ಗ್ರಂಥಿಯನ್ನು ಕೆತ್ತಿ ತೆಗೆಯುವ ಟಿಯುಆರ್‌ಪಿ ಹಳೆಯ ದಾರಿ. ಗುಣ ಚೆನ್ನಾಗಿದೆ. ಆದರೆ ಅರಿವಳಿಕೆ ಬೇಕು, ಆಸ್ಪತ್ರೆಯಲ್ಲಿ ಮಲಗಬೇಕು, ಆಮೇಲೆ ವೀರ್ಯ ಹೊರಬಾರದಿರುವುದು ಸಾಮಾನ್ಯ.

ಇದನ್ನು ತಪ್ಪಿಸಲು 1980ರ ದಶಕದಲ್ಲಿ ಬಲೂನ್ ಬಂತು. ನಾಳದೊಳಗೆ ಅದನ್ನು ಉಬ್ಬಿಸಿ ದಾರಿ ಅಗಲಿಸುವುದು. ಅನೇಕರು ಆರಾಮವಾಯಿತು ಎಂದರು. 1992ರಲ್ಲಿ ಅಮೆರಿಕದ ಡಾ. ಹರ್ಬರ್ಟ್ ಲೆಪೊರ್ ತಂಡ ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಬಲೂನ್, ಇನ್ನೊಂದಕ್ಕೆ ಬರೀ ನಳಿಕೆ ಹಾಕಿ ನೋಡುವುದು. ಯಾರಿಗೆ ಯಾವುದು ಎಂದು ರೋಗಿಗಳಿಗೆ ತಿಳಿಸಲಿಲ್ಲ. ಎರಡೂ ಗುಂಪಿನಲ್ಲಿ ಆರಾಮ ಕಂಡಿತು, ಹೇಳುವಂಥ ವ್ಯತ್ಯಾಸ ಇರಲಿಲ್ಲ. ಬಲೂನ್ ಮೂಲೆ ಸೇರಿತು.

ಈ ಪಾಠ ಮುಂದಿನ ಪರೀಕ್ಷೆಗಳಿಗೆ ಬುನಾದಿ. ಗ್ರಂಥಿಯನ್ನು ಕೆತ್ತದೆ, ಸಣ್ಣ ಕ್ಲಿಪ್ಪುಗಳಿಂದ ಬದಿಗೆ ಎಳೆದು ಕಟ್ಟುವ ಯುರೋಲಿಫ್ಟ್‌ಗೆ ಅಮೆರಿಕದ ಅನುಮತಿ ಸಿಕ್ಕಿದ್ದು 2013ರಲ್ಲಿ. 206 ಗಂಡಸರಲ್ಲಿ 140 ಮಂದಿಗೆ ಕ್ಲಿಪ್, 66 ಮಂದಿಗೆ ಬರೀ ತೋರಿಕೆಯ ಚಿಕಿತ್ಸೆ. ಏಳು ಪ್ರಶ್ನೆಗಳ, 35 ಅಂಕದ ತೊಂದರೆಪಟ್ಟಿಯಲ್ಲಿ ಮೂರು ತಿಂಗಳಿಗೆ ಕ್ಲಿಪ್ಪಿನವರಿಗೆ 11.1 ಅಂಕ ಇಳಿಯಿತು. ಏನೂ ಮಾಡದವರಿಗೂ 5.9 ಇಳಿಯಿತು! ನಿಜವಾದ ಲಾಭ ಈ ಎರಡರ ನಡುವಿನ ಅಂತರ ಮಾತ್ರ. ಐದು ವರ್ಷದೊಳಗೆ ಕ್ಲಿಪ್ಪಿನವರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು.

ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳನ್ನು ಮೊದಲೇ ದಾಖಲಿಸುವ ಸಾರ್ವಜನಿಕ ನೋಂದಣಿ 2007ರಲ್ಲಿ ಶುರುವಾಯಿತು. ಯಾರೂ ತೆರೆದು ನೋಡಬಹುದು.

ಕೂಳೂರಿನ ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ: ಮಿಷನ್ ಉಂಟು. ಆದರೆ ಡಾಕ್ಟರ ಹತ್ತಿರ ಎರಡು ಪ್ರಶ್ನೆ ಕೇಳಿ. ಇದನ್ನು ಯಾವುದರ ಜೊತೆ ಹೋಲಿಸಿ ನೋಡಿದ್ದಾರೆ? ಎಷ್ಟು ವರ್ಷ ನೋಡಿದ್ದಾರೆ? “ಕಳೆದ ವಾರ ಮಾಡಿಸಿದವರಿಗೆ ಆರಾಮ ಉಂಟು” ಎಂಬ ಮಾತು ಬಲೂನಿಗೂ ಇತ್ತು.