ಚುಶೂಲಿಗೆ ಮರಳಿದ ಹಿರಿಯ ಸೈನಿಕ

2021ರ ನವೆಂಬರ್ 18ರಂದು ಲಡಾಖಿನ ಚುಶೂಲಿನಲ್ಲಿ ನವೀಕೃತ ರೆಜಾಂಗ್ ಲಾ ಯುದ್ಧ ಸ್ಮಾರಕದ ಉದ್ಘಾಟನೆ ನಡೆಯಿತು. ಅಲ್ಲಿಗೆ ಗಾಲಿಕುರ್ಚಿಯಲ್ಲಿ ಬಂದವರು ನಿವೃತ್ತ ಬ್ರಿಗೇಡಿಯರ್ ಆರ್.ವಿ. ಜಟಾರ್. ಕುರ್ಚಿ ತಳ್ಳಿಕೊಂಡು ಬಂದವರು ರಕ್ಷಣಾ ಸಚಿವ ರಾಜನಾಥ್ ಸಿಂಗ್. 1962ರಲ್ಲಿ ಜಟಾರ್ 13 ಕುಮಾವೂನ್ ಪಲ್ಟನ್ನಿನ ಯುವ ಅಧಿಕಾರಿ. ಅದೇ ನವೆಂಬರ್ 18ರಂದು ಆ ಪಲ್ಟನ್ನಿನ ಚಾರ್ಲಿ ಕಂಪನಿ ರೆಜಾಂಗ್ ಲಾ ಕಣಿವೆದಾರಿಯಲ್ಲಿ ಚೀನಾ ಸೈನ್ಯದೆದುರು ಕೊನೆಯ ಗುಂಡಿನವರೆಗೆ ಕಾದಾಡಿತ್ತು.

ಕೊಡಗಿನ ಮಾಜಿ ಸೈನಿಕರಾದ ನಮಗೆ ಕುಮಾವೂನ್ ಹೊರಗಿನ ಹೆಸರಲ್ಲ. ನಮ್ಮ ಜನರಲ್ ತಿಮ್ಮಯ್ಯ ಬೆಳೆದದ್ದು 19ನೇ ಹೈದರಾಬಾದ್ ರೆಜಿಮೆಂಟಿನಲ್ಲಿ. 1945ರಲ್ಲಿ ಅದೇ ಕುಮಾವೂನ್ ರೆಜಿಮೆಂಟ್ ಆಯಿತು. 1948ರಲ್ಲಿ ಜೋಜಿ ಲಾಗೆ ಟ್ಯಾಂಕುಗಳನ್ನು ಹತ್ತಿಸಿ ಲೇಹ್ ದಾರಿ ತೆರೆದವರೂ ತಿಮ್ಮಯ್ಯನವರೇ.

ಚಾರ್ಲಿ ಕಂಪನಿಯವರು ಹೆಚ್ಚಾಗಿ ರೇವಾಡಿ ಸುತ್ತಿನ ಅಹೀರರು, ಬಯಲುಸೀಮೆಯ ರೈತರ ಮಕ್ಕಳು. ಕಾಯಬೇಕಾಗಿದ್ದದ್ದು 16,000 ಅಡಿಗೂ ಎತ್ತರದ ಹಿಮದ ಜಾಗ, ಕೈಯಲ್ಲಿದ್ದದ್ದು ಹಳೆಯ .303 ರೈಫಲ್. ನಡುವೆ ಗುಡ್ಡಸಾಲು ಅಡ್ಡವಿದ್ದುದರಿಂದ ನಮ್ಮ ಫಿರಂಗಿಗಳ ಬೆಂಬಲ ಅವರಿಗೆ ಸಿಗುವಂತಿರಲಿಲ್ಲ. ಕಂಪನಿ ಕಮಾಂಡರ್ ಮೇಜರ್ ಶೈತಾನ್ ಸಿಂಗ್ ಗಾಯಗೊಂಡ ಮೇಲೂ ಒಂದು ಮೋರ್ಚಾದಿಂದ ಇನ್ನೊಂದಕ್ಕೆ ಹೋಗುತ್ತ ಜವಾನರನ್ನು ಹುರಿದುಂಬಿಸಿದರು. ಸುಮಾರು 120 ಮಂದಿಯಲ್ಲಿ ನೂರಕ್ಕೂ ಹೆಚ್ಚು ಜನ ಅಲ್ಲೇ ಪ್ರಾಣಬಿಟ್ಟರು.

ನನ್ನ ಕರುಳು ಹಿಂಡುವುದು ಆಮೇಲಿನ ಕತೆ. ಬದುಕಿ ಬಂದ ಕೆಲವೇ ಜನ ನಡೆದದ್ದನ್ನು ಹೇಳಿದಾಗ ಹಲವರು ನಂಬಲಿಲ್ಲ. ಇಡೀ ಕಂಪನಿ ಒಬ್ಬರೂ ಹಿಂದೆ ಸರಿಯದೆ ಸತ್ತಿತೆಂದರೆ ಅದು ಉತ್ಪ್ರೇಕ್ಷೆಯಂತೆ ಕಂಡಿತು. ಸಂಗಾತಿಗಳನ್ನು ಕಳೆದುಕೊಂಡು ಬಂದವನ ಮಾತಿಗೇ ಬೆಲೆ ಇಲ್ಲವೆಂದರೆ ಅವನು ಎಲ್ಲಿಗೆ ಹೋಗಬೇಕು? 1963ರ ಫೆಬ್ರವರಿಯಲ್ಲಿ, ಕುರಿಗಾಹಿಯೊಬ್ಬ ಕೊಟ್ಟ ಸುದ್ದಿಯ ಮೇಲೆ ನಮ್ಮವರು ಮೇಲೆ ಹತ್ತಿದರು. ಮೋರ್ಚಾಗಳಲ್ಲಿ ಹೆಪ್ಪುಗಟ್ಟಿದ ದೇಹಗಳಿದ್ದವು, ಹಲವರ ಕೈಯಲ್ಲಿ ಆಯುಧ ಹಾಗೇ ಇತ್ತು. ನರ್ಸಿಂಗ್ ಸಹಾಯಕ ಧರ್ಮಪಾಲ್ ಸಿಂಗ್ ದಹಿಯಾ ಅವರ ಕೈಯಲ್ಲಿ ಸಿರಿಂಜು! ಶೈತಾನ್ ಸಿಂಗ್ ಅವರ ದೇಹವನ್ನು ಜೋಧ್‌ಪುರಕ್ಕೆ ಒಯ್ದರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಜವಾನರ ಅಂತ್ಯಸಂಸ್ಕಾರ ಚುಶೂಲಿನಲ್ಲೇ ನಡೆಯಿತು.

ಆದ್ದರಿಂದ ಜಟಾರ್ ಅವರ ಭೇಟಿಯನ್ನು ನಾನು ಬರಿಯ ಗೌರವ ಸಮಾರಂಭ ಎನ್ನಲಾರೆ. ಕಲ್ಲಿನ ಮೇಲೆ ಕೆತ್ತಿದ ಹೆಸರುಗಳಲ್ಲಿ ಬೇರೆಯವರು ಪಟ್ಟಿಯನ್ನು ನೋಡುತ್ತಾರೆ. ಜೊತೆಗೆ ಉಂಡವರಿಗೆ ಕಾಣುವುದು ಮುಖಗಳು. ಇಳಿವಯಸ್ಸಿನಲ್ಲಿ, ಉಸಿರಾಡುವುದೇ ಕಷ್ಟವಾದ ಎತ್ತರಕ್ಕೆ ಅಂಥವರೊಬ್ಬರು ಮತ್ತೆ ಹೋಗಿ ಬಂದರು.

ಅದೇ 2021ರ ಫೆಬ್ರವರಿಯಲ್ಲಿ ಮಡಿಕೇರಿಯ ‘ಸನ್ನಿ ಸೈಡ್’, ತಿಮ್ಮಯ್ಯನವರ ಮನೆ, ವಸ್ತುಸಂಗ್ರಹಾಲಯವಾಗಿ ತೆರೆಯಿತು. ಲಡಾಖಿನಲ್ಲಿ ಸೇವೆ ಸಲ್ಲಿಸಿದ ನಮ್ಮ ಹಿರಿಯ ಸದಸ್ಯರು ಅಲ್ಲಿ ಒಂದು ಸಂಜೆ ಕೂತು, ತಮ್ಮ ಪಲ್ಟನ್ನು, ಪೋಸ್ಟು, ಜೊತೆಗಿದ್ದು ಮರಳದವರ ಹೆಸರುಗಳನ್ನು ತಮ್ಮದೇ ದನಿಯಲ್ಲಿ ಧ್ವನಿಮುದ್ರಿಸಿ ಕೊಡಬೇಕೆಂದು ಈ ಸಂಚಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಬರೆದುಕೊಳ್ಳಲು ಮನೆಯ ಮಕ್ಕಳನ್ನೂ ಕರೆತನ್ನಿ.