ಲಿಯಾನ್ ಡೇ

ಲಿಯಾನ್ ಡೇ (1916–1995): ಅಮೆರಿಕದ ಬೇಸ್‌ಬಾಲ್ ಆಟಗಾರ. ಬಿಳಿಯರ ಲೀಗ್‌ಗಳು ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರಿಗಾಗಿ ಬೇರೆಯೇ ನಡೆಯುತ್ತಿದ್ದ ನೀಗ್ರೋ ಲೀಗ್‌ಗಳ ಅತ್ಯುತ್ತಮ ಪಿಚರ್‌ಗಳಲ್ಲಿ (ಚೆಂಡೆಸೆಯುವವರಲ್ಲಿ) ಒಬ್ಬ. ಹುಟ್ಟಿದ್ದು ವರ್ಜೀನಿಯದ ಅಲೆಕ್ಸಾಂಡ್ರಿಯದಲ್ಲಿ, ಬೆಳೆದದ್ದು ಬಾಲ್ಟಿಮೋರ್‌ನಲ್ಲಿ.

1934ರಲ್ಲಿ ಬಾಲ್ಟಿಮೋರ್ ಬ್ಲ್ಯಾಕ್ ಸಾಕ್ಸ್ ಪರ ಆಡತೊಡಗಿದ ಡೇ, ಮರುವರ್ಷ ಬ್ರೂಕ್ಲಿನ್ ಈಗಲ್ಸ್ ಸೇರಿದ. 1936ರಲ್ಲಿ ಆ ತಂಡ ನ್ಯೂಆರ್ಕ್ ಈಗಲ್ಸ್ ಆಯಿತು. ಈತನ ಹೆಸರು ಬೆಸೆದುಕೊಂಡಿರುವುದು ಈ ತಂಡದೊಂದಿಗೆ. ಪಿಚರ್‌ಗಳು ಸಾಮಾನ್ಯವಾಗಿ ತೋಳನ್ನು ದೊಡ್ಡದಾಗಿ ಬೀಸಿ ಎಸೆಯುತ್ತಾರೆ. ಡೇಗೆ ಆ ಪೂರ್ವತಯಾರಿಯೇ ಬೇಕಿರಲಿಲ್ಲ. ಕಿವಿಯ ಪಕ್ಕದಿಂದಲೇ ಚೆಂಡು ಚಿಮ್ಮುತ್ತಿತ್ತು. 1942ರಲ್ಲಿ ಬಾಲ್ಟಿಮೋರ್ ಎಲೀಟ್ ಜೈಂಟ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 18 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ. ಚೆಂಡೆಸೆಯದ ದಿನಗಳಲ್ಲಿ ಸೆಕೆಂಡ್ ಬೇಸ್‌ನಲ್ಲೋ ಸೆಂಟರ್ ಫೀಲ್ಡ್‌ನಲ್ಲೋ ನಿಲ್ಲುತ್ತಿದ್ದ, ಬ್ಯಾಟಿಂಗೂ ಚೆನ್ನಾಗಿತ್ತು. ಸಮಕಾಲೀನ ಪಿಚರ್ ಸ್ಯಾಚೆಲ್ ಪೇಜ್‌ನ ಮಾತುಗಾರಿಕೆ ಈತನಿಗಿರಲಿಲ್ಲ. ಸಾಧನೆಗೆ ತಕ್ಕ ಪ್ರಸಿದ್ಧಿ ಬಾರದಿರಲು ಈ ಮೌನವೂ ಒಂದು ಕಾರಣವಿರಬೇಕು.

ಎರಡನೆಯ ಮಹಾಯುದ್ಧದಲ್ಲಿ ಈತ ಸೇನೆಯ ಕಪ್ಪು ಸೈನಿಕರ ತುಕಡಿಯೊಂದರಲ್ಲಿದ್ದ. 1944ರ ಜೂನ್‌ನಲ್ಲಿ ನಾರ್ಮಂಡಿಯ ಯೂಟಾ ತೀರದಲ್ಲಿ, ನೀರಿನಲ್ಲೂ ನೆಲದಲ್ಲೂ ಓಡುವ ಸಾಮಾನು ಸಾಗಿಸುವ ವಾಹನದೊಂದಿಗೆ ಇಳಿದ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೈನಿಕ ತಂಡಗಳ ಬೇಸ್‌ಬಾಲ್ ಅಂತಿಮ ಸರಣಿ ಆರಂಭವಾದದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ, ಹಿಟ್ಲರನ ಯುವಪಡೆ ಸೇರುತ್ತಿದ್ದ ಕ್ರೀಡಾಂಗಣದಲ್ಲಿ. ಜನಾಂಗಶ್ರೇಷ್ಠತೆಯ ಘೋಷಣೆ ಮೊಳಗಿದ ಅದೇ ಅಂಗಳದಲ್ಲಿ ಡೇ ಚೆಂಡೆಸೆದು ಎರಡನೆಯ ಪಂದ್ಯವನ್ನು 2-1ರಿಂದ ಗೆದ್ದುಕೊಟ್ಟ. ಬಿಳಿಯರೂ ಕಪ್ಪು ಜನರೂ ಕೂಡಿ ಆಡಿದ ಅವನ ತಂಡವೇ ಸರಣಿ ಗೆದ್ದಿತು. ಆದರೆ ಅವನು ಸೇವೆ ಸಲ್ಲಿಸಿದ ಸೇನೆಯಲ್ಲಿ ಬಣ್ಣದ ಗೋಡೆ ಹಾಗೆಯೇ ಇತ್ತು.

ತಾಯ್ನಾಡಿಗೆ ಮರಳಿ, 1946ರ ಮೇ 5ರಂದು, ಋತುವಿನ ಮೊದಲ ಪಂದ್ಯದಲ್ಲೇ ಫಿಲಡೆಲ್ಫಿಯ ಸ್ಟಾರ್ಸ್ ತಂಡಕ್ಕೆ ಒಂದೂ ಹಿಟ್ ಬಿಟ್ಟುಕೊಡದೆ ಗೆದ್ದ. ಆ ವರ್ಷ ಅವನಿಗೆ ತೋಳಿನ ನೋವು ಕಾಡಿದರೂ ಈಗಲ್ಸ್, ಪೇಜ್ ಇದ್ದ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡವನ್ನು ಸೋಲಿಸಿ ನೀಗ್ರೋ ಲೀಗ್‌ಗಳ ಅಂತಿಮ ಸರಣಿಯಾದ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿತು. ಸಹ ಆಟಗಾರರಾದ ಲ್ಯಾರಿ ಡೋಬಿ, ಮಾಂಟಿ ಅರ್ವಿನ್ ಮುಂದೆ, ಕಪ್ಪು ಜನರಿಗೂ ಬಾಗಿಲು ತೆರೆದ ಮೇಲೆ, ಮೇಜರ್ ಲೀಗ್ ಸೇರಿದರು. ಡೇ ಮೆಕ್ಸಿಕೊ, ಕೆನಡಗಳಲ್ಲೂ ಕೆಳಹಂತದ ಲೀಗ್‌ಗಳಲ್ಲೂ ಆಡಿದನೇ ಹೊರತು ಆ ಕರೆ ಅವನಿಗೆ ಬರಲೇ ಇಲ್ಲ.

1995ರ ಮಾರ್ಚ್ 7ರಂದು ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಸುದ್ದಿ ಬಂದಾಗ ಡೇ ಬಾಲ್ಟಿಮೋರ್‌ನ ಆಸ್ಪತ್ರೆಯಲ್ಲಿದ್ದ. ಆರು ದಿನಗಳ ನಂತರ ತೀರಿಕೊಂಡ.